ಮಗು ಮಲಗಿರುವಷ್ಟು ಹೊತ್ತು

ಆಸ್ಪತ್ರೆಯ ಕೊನೆಯ ಕೋಣೆಯಲ್ಲಿ ಎಳೆಮಕ್ಕಳ ಕಿವಿ ಪರೀಕ್ಷಿಸುವಾಕೆಗೆ ‘ಉಶ್ ಮೇಡಂ’ ಎಂದೇ ಹೆಸರು. ಆಕೆಯ ಬಾಯಿಂದ ಮಾತಿಗಿಂತ ಹೆಚ್ಚಾಗಿ ಹೊರಡುತ್ತಿದ್ದುದು ಸುಮ್ಮನಿರಿ ಎನ್ನುವ ಆ ಸದ್ದೇ. ಮಗು ಗಾಢವಾಗಿ ಮಲಗಿರಬೇಕು. ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿ, ಕಿವಿಯೊಳಗೆ ಸದ್ದು ಬಿಟ್ಟು, ಮಿದುಳಿನ ಕಾಂಡ ಅದಕ್ಕೆ ಮಿಡಿಯುತ್ತದೆಯೇ ಎಂದು ಪರದೆಯ ಮೇಲೆ ನೋಡಬೇಕು. ಎಷ್ಟು ಮೆಲ್ಲಗಿನ ಸದ್ದಿನವರೆಗೆ ಮಿಡಿತ ಕಾಣುತ್ತದೋ ಅದೇ ಆ ಕಿವಿಯ ಅಳತೆ. ಒಂದು ಸ್ವರ ಮುಗಿದ ಮೇಲೆ ಇನ್ನೊಂದು, ಒಂದು ಕಿವಿ ಮುಗಿದ ಮೇಲೆ ಇನ್ನೊಂದು. ಅಷ್ಟು ಹೊತ್ತು ಯಾವ ಮಗು ಮಲಗಿರುತ್ತದೆ?

ಈ ಹೆಣ್ಣುಕೂಸಂತೂ ಹಿಂದೆ ಬಂದ ಎರಡು ಸಲವೂ ಎಡಗಿವಿ ಮುಗಿಯುವ ಮೊದಲೇ ಎದ್ದಿತ್ತು. ಅಳತೆ ಸಿಗದೆ ಶ್ರವಣ ಸಾಧನ ಕೊಡುವಂತಿಲ್ಲ. ತಡವಾದಷ್ಟೂ ಮಾತು ಕಲಿಯುವ ಕಾಲ ಕೈಜಾರುತ್ತಿತ್ತು. ಮೂರನೆಯ ಸಲ ಬಂದಾಗಲೂ ಅದು ಅಜ್ಜಿಯ ತೊಡೆಯ ಮೇಲೆ ಕಣ್ಣರಳಿಸಿ ನಗುತ್ತಿತ್ತು.

“ದಾರೀಲಿ ಮಲಗಿಸಿದ್ರಾ?”

“ಬಸ್ಸಲ್ಲಿ ಸೊಗಸಾಗಿ ನಿದ್ದೆ ಮಾಡ್ತಮ್ಮ. ಇಲ್ಲಿ ರಗಳೆ ಮಾಡದೆ ಇರ್ಲಿ ಅಂತ ನಾನೇ ತಟ್ಟಿ ಮಲಗಿಸಿದೆ.”

ಉಶ್ ಮೇಡಂ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. “ಎಚ್ಚರವಾಗಿಟ್ಟು ಕರ್ಕೊಂಡು ಬನ್ನಿ ಅಂತ ಬಾಯಿ ಬಡ್ಕೊಂಡಿದ್ದೆನಲ್ಲಜ್ಜಿ!”

“ನಾನೂ ಹೇಳ್ದೆ ಅತ್ತೆಗೆ,” ಎಂದಳು ಕೂಸಿನ ತಾಯಿ.

“ಯಾವಾಗ ಹೇಳ್ದೆ? ನೀನೂ ಗೊರಕೆ ಹೊಡೀತಿದ್ದೆ.”

ಮಧ್ಯಾಹ್ನ ಕಳೆಯುವ ಹೊತ್ತಿಗೆ ಕೂಸು ಒಲ್ಲದ ಮನಸ್ಸಿನಿಂದ ಕಣ್ಣು ಮುಚ್ಚಿತು. “ಹೊಸ ಪ್ರೋಗ್ರಾಂ ಹಾಕಿ ಅಕ್ಕ,” ಎಂದು ಪಿಸುಗುಟ್ಟಿದಳು ಜೊತೆಯ ಸಹಾಯಕಿ. ಅದು ಎಲ್ಲ ಸ್ವರಗಳನ್ನೂ ಕಲಸಿ ಎರಡೂ ಕಿವಿಗೆ ಒಟ್ಟಿಗೇ ಬಿಟ್ಟು, ಯಾವ ಸ್ವರಕ್ಕೆ ಯಾವ ಮಿಡಿತ ಎಂದು ಆಮೇಲೆ ಬೇರ್ಪಡಿಸುತ್ತಿತ್ತು. ಉಶ್ ಮೇಡಂಗೆ ಅದನ್ನು ಕಂಡರಾಗದು.

“ಜಲ್ಲಿ ಸುರಿದ ಹಾಗಿರುತ್ತೆ ಆ ಸದ್ದು. ಅದರಲ್ಲಿ ಏನಂತ ಅಳೀತೀಯ?”

“ನೀವು ವಾದ ಮಾಡೋಷ್ಟರಲ್ಲಿ ಅದು ಏಳುತ್ತೆ.”

ಉಶ್ ಮೇಡಂ ಸಿಡುಕುತ್ತಲೇ ಹೊಸ ಪ್ರೋಗ್ರಾಂನ ಗುಂಡಿ ಒತ್ತಿದಳು. ಪರದೆಯ ಮೇಲೆ ಮೊದಲು ಬರೀ ಗೀಚಾಟ. ಬರಬರುತ್ತ ಎರಡೂ ಕಿವಿಯ ಅಲೆಗಳು ತಿದ್ದಿದ ಅಕ್ಷರದಂತೆ ಸ್ಪಷ್ಟವಾದವು. ಸದ್ದನ್ನು ಇಳಿಸುತ್ತ ಹೋದಂತೆ ಅಲೆ ಅಡಗಿಹೋಗುವ ಜಾಗವೂ ಎರಡೂ ಕಡೆ ಸಿಕ್ಕಿತು. ಆಕೆಗೆ ನಂಬಿಕೆ ಬರಲಿಲ್ಲ. ಒಂದು ಸ್ವರವನ್ನು ಹಳೆಯ ರೀತಿಯಲ್ಲೇ ಮತ್ತೆ ಅಳೆದಳು. ಅದೇ ಉತ್ತರ. ಇಷ್ಟು ದಿನ ಹಟ ಹಿಡಿದ ತನ್ನ ಮೇಲೇ ರೇಗಿತು. ಅಷ್ಟರಲ್ಲಿ ಕೂಸು ಎದ್ದು ಕೋಣೆ ಹಾರಿಹೋಗುವಂತೆ ಕಿರುಚಿತು.

“ಹೋಯ್ತಾ ಇವತ್ತೂ?” ಎಂದಳು ಅಜ್ಜಿ.

“ಇಲ್ಲ, ಅಳತೆ ಸಿಕ್ತು. ಎರಡೂ ಕಿವಿ ಮಂದ. ಸಾಧನ ಹಾಕಿದ್ರೆ ಮಾತು ಕೇಳಿಸುತ್ತೆ.”

ತಾಯಿ ಮಗುವನ್ನು ಎದೆಗವಚಿಕೊಂಡಳು. “ಹಾಗಾದ್ರೆ ನಾನು ಇಷ್ಟು ದಿನ ಹಾಡಿದ್ದು?”

“ಕಿವಿ ಹತ್ರ ಹಾಡಿದ್ದು ಅಷ್ಟೋ ಇಷ್ಟೋ ಕೇಳಿಸಿರುತ್ತೆ.” ಉಶ್ ಮೇಡಂ ತಾಯಿಯ ಮುಖ ನೋಡದೆ ಅಂಟುಪಟ್ಟಿ ಬಿಡಿಸತೊಡಗಿದಳು. “ಕೂತ್ಕೊಳ್ಳಿ. ಅತ್ತರೆ ಅಳಲಿ, ಸಾಧನಕ್ಕೆ ಕಿವಿಯ ಅಚ್ಚು ಇವತ್ತೇ ತೆಗೀತೀನಿ. ಅಜ್ಜಿ, ತಲೆ ಅಲ್ಲಾಡದ ಹಾಗೆ ಹಿಡ್ಕೊಳ್ಳಿ. ಇದೊಂದನ್ನಾದ್ರೂ ಹೇಳಿದ ಹಾಗೆ ಮಾಡಿ.”