ಹುಳ ಬೇಡಲು ಹೋದ ರಾಜಬಿ

ಹೂವಿನ ಹಿಪ್ಪರಗಿಯಲ್ಲಿ ರಾಜಬಿಯ ಮನೆಯಷ್ಟು ಚೊಕ್ಕ ಮನೆ ಇನ್ನೊಂದಿಲ್ಲ. ಇದು ಊರಿನವರ ಮಾತಲ್ಲ, ರಾಜಬಿಯದೇ ಮಾತು. ಆದರೆ ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ. ಯಾರ ಮನೆಗೆ ಚಹಾ ಕುಡಿಯಲು ಹೋದರೂ ಅವಳ ಕಣ್ಣು ಮೊದಲು ಓಡುವುದು ಕಾಳಿನ ಡಬ್ಬಿಗಳ ಕಡೆಗೆ. ಎದುರು ಮನೆಯ ರೇವವ್ವನ ರವೆಯಲ್ಲಿ ಒಮ್ಮೆ ಹುಳ ಕಂಡು, "ಅಕ್ಕಾ, ಇದನ್ನ ತಿಂತೀರೋ, ಸಾಕ್ತೀರೋ?" ಎಂದು ನಾಲ್ಕು ಹೆಂಗಸರ ಮುಂದೆಯೇ ಕೇಳಿಬಿಟ್ಟಿದ್ದಳು. ರೇವವ್ವ ಆ ಮಾತನ್ನು ನುಂಗಿಕೊಂಡಳು, ಮರೆಯಲಿಲ್ಲ.

ಅಂಥವಳ ಮನೆಗೆ ಹುಳ ಸಾಕುವ ಸೊಸೆಯೇ ಬರಬೇಕೆ? ಜಾಸ್ಮಿನ ಮದುವೆಯಾದ ಮರುವರ್ಷ ಎಲ್ಲೋ ತರಬೇತಿ ಪಡೆದು ಬಂದು, ಹಿಂದಿನ ಕೋಣೆಯಲ್ಲಿ ಕಣಜ ಸಾಕತೊಡಗಿದಳು. ಕಣಜವೆಂದರೆ ಕುಟುಕುವ ಕಣಜವಲ್ಲ. ಸಾಸಿವೆ ಕಾಳಿನ ಮೇಲೆ ನಾಲ್ಕು ಕೂತರೂ ಇನ್ನೊಂದಕ್ಕೆ ಜಾಗ ಉಳಿಯುವಷ್ಟು ಸಣ್ಣವು. ಕಬ್ಬು ಕೊರೆಯುವ ಹುಳದ ಮೊಟ್ಟೆಯೊಳಗೆ ಇವು ತಮ್ಮ ಮೊಟ್ಟೆ ಇಡುತ್ತವೆ. ಹುಳ ಹುಟ್ಟುವ ಮೊದಲೇ ಅದರ ಕಥೆ ಮುಗಿಯುತ್ತದೆ. ಕಣಜ ತುಂಬಿದ ಮೊಟ್ಟೆಗಳನ್ನು ಕಾರ್ಡಿಗೆ ಅಂಟಿಸಿ ಕಬ್ಬಿನ ಎಲೆಯ ಕೆಳಗೆ ಕಟ್ಟಿದರೆ ವಿಷ ಹೊಡೆಯುವ ಕೆಲಸ ತಪ್ಪುತ್ತದೆ. ಆದರೆ ಮನೆಯೊಳಗೆ ಕಬ್ಬಿನ ಹುಳದ ಮೊಟ್ಟೆ ಎಲ್ಲಿ ಸಿಗಬೇಕು? ಅದಕ್ಕೇ ಜಾಸ್ಮಿನ ಟ್ರೇಗಳಲ್ಲಿ ಜೋಳದ ನುಚ್ಚು ಹರಡಿ, ಕಾಳಿಗೆ ಬಿದ್ದು ಬಲೆ ಕಟ್ಟುತ್ತದಲ್ಲ, ಆ ಹುಳ ಬೆಳೆಸುತ್ತಿದ್ದಳು. ಅದು ಪತಂಗವಾಗಿ ಇಡುವ ಮೊಟ್ಟೆಯಲ್ಲೇ ಅವಳ ಕಣಜಗಳು ಬೆಳೆಯಬೇಕು.

ರಾಜಬಿಗೆ ಕಣಜಗಳ ಮೇಲೆ ಪ್ರೀತಿ ಬಂದುಬಿಟ್ಟಿತ್ತು. "ನಮ್ಮ ಸೊಸಿ ಆಕಳಾ ಎಮ್ಮಿ ಬಿಟ್ಟು ನೊಣಾ ಕಟ್ಯಾಳ" ಎಂದು ಬಂದವರಿಗೆಲ್ಲ ಹೇಳಿ ನಗುವಳು. ಆ ನಗೆಯಲ್ಲಿ ಹೆಮ್ಮೆಯೇ ಹೆಚ್ಚು. ಆದರೆ ಹುಳದ ಟ್ರೇಗಳ ಕಡೆ ಮಾತ್ರ ನೋಡುತ್ತಿರಲಿಲ್ಲ. ಕಣಜ ಸೊಸೆಯ ಸಾಕಾಣಿಕೆ, ಹುಳವೆಂದರೆ ಬರೀ ಹೊಲಸು ಎಂದೇ ಅವಳ ತಿಳಿವಳಿಕೆ.

ರಂಜಾನ್ ಉಪವಾಸ ಶುರುವಾಗಲು ಒಂದು ತಿಂಗಳು ಉಳಿದಿತ್ತು. ಮನೆಯನ್ನೆಲ್ಲ ತಿಕ್ಕಿ ತೊಳೆದು, ಕಾಳುಕಡಿಗೆ ಬಿಸಿಲು ಕಾಣಿಸುವ ಪದ್ಧತಿಯನ್ನು ರಾಜಬಿ ಒಂದು ವರ್ಷವೂ ಬಿಟ್ಟವಳಲ್ಲ. ಜಾಸ್ಮಿನ ಕಾರ್ಡ್ ಕೊಡಲು ಬಾಗೇವಾಡಿಗೆ ಹೋಗಿದ್ದಳು. ಬರುವಷ್ಟರಲ್ಲಿ ಅವಳ ಕೋಣೆಯನ್ನೂ ಚೊಕ್ಕ ಮಾಡಿ ಖುಷಿಪಡಿಸೋಣವೆಂದು ಅತ್ತೆ ಸೆರಗು ಸಿಕ್ಕಿಸಿದಳು. ಕಣಜದ ಗಾಜಿನ ನಳಿಕೆಗಳನ್ನು ಎಳೆಗೂಸನ್ನು ಎತ್ತುವಂತೆ ಎತ್ತಿ ನೆರಳಿನಲ್ಲಿಟ್ಟಳು. ಟ್ರೇಗಳ ನುಚ್ಚನ್ನು ಮಾಳಿಗೆಯ ಮೇಲೆ ಉರಿಬಿಸಿಲಿಗೆ ಹರಡಿದಳು. ಹೊರಳಾಡಿದ ಹುಳಗಳನ್ನು ತಿಂದು ಕೋಳಿಗಳು ಹಬ್ಬ ಮಾಡಿದವು.

"ಅಮ್ಮಾ, ಟ್ರೇದಾಗಿನ ನುಚ್ಚು ಎಲ್ಲೈತ್ರಿ?" ಬಂದವಳೇ ಜಾಸ್ಮಿನ ಕೇಳಿದಳು.

"ಬಿಸಲಿಗೆ ಹಾಕಿ ಹುಳಾ ಎಲ್ಲಾ ತಗದೇನಿ ನೋಡು. ನಿನ್ನ ನೊಣಕ್ಕ ಧಕ್ಕಿ ಆಗಿಲ್ಲ."

ಜಾಸ್ಮಿನ ಅಲ್ಲೇ ಕುಸಿದು ಕೂತಳು. "ನಾಳಿ ಕಣಜ ಹೊರಗ ಬರ್ತಾವ್ರಿ. ಮೊಟ್ಟಿ ಇಡಾಕ ಪತಂಗದ ಮೊಟ್ಟಿ ಸಿಗಲಿಲ್ಲಂದ್ರ ಎಲ್ಲಾ ಸತ್ತು ಹೋಗ್ತಾವ. ಆಮ್ಯಾಲ ಸಂತಾನನ ಉಳಿಯೂದಿಲ್ಲ." ಪತಂಗದ ಮೊಟ್ಟೆಗಾಗಿ ತರಬೇತಿ ಕೊಟ್ಟವರಿಗೆ ಫೋನ್ ಮಾಡಿದಳು, ಅವರು ಮುಂದಿನ ತಿಂಗಳು ಕೊಡುವ ಮಾತಾಡಿದರು. ಆಮೇಲೆ ಅವಳು ಬಾಯಿ ತೆರೆಯಲಿಲ್ಲ. ರಾಜಬಿ ಬಡಿಸಿದ್ದನ್ನು ಮುಟ್ಟಲೂ ಇಲ್ಲ. ಎರಡು ಮಾತು ಬೈದಿದ್ದರೆ ರಾಜಬಿಯ ಎದೆ ಹಗುರಾಗುತ್ತಿತ್ತು. ಈ ಮೌನ ಅವಳನ್ನು ಹಿಂಡಿಹಾಕಿತು.

ಬೆಳಗಾಗುತ್ತಲೇ ರಾಜಬಿ ಬುಟ್ಟಿ ಹಿಡಿದು ಹೊರಬಿದ್ದಳು. ಮನೆಮನೆಯ ಬಾಗಿಲಲ್ಲಿ ನಿಂತು, "ಹುಳಾ ಹತ್ತಿದ ಕಾಳು ಐತೇನ್ರಿ?" ಎಂದು ಕೇಳಿದಳು. ಅವಳ ನಾಲಿಗೆಯ ರುಚಿ ಕಂಡವರು ಯಾರು ಒಪ್ಪಿಯಾರು? "ನಮ್ಮ ಮನ್ಯಾಗ ಹುಳಾ? ಯಾರ ಹೇಳಿದ್ರು ನಿನಗ?" ಎಂದು ಬಂದಗಿಸಾಬನ ಹೆಂಡತಿ ಮುಖ ಗಂಟಿಕ್ಕಿದಳು. ತಪಾಸಣೆಗೆ ಬಂದಿದ್ದಾಳೆಂದೇ ಎಲ್ಲರೂ ತಿಳಿದರು. ಒಬ್ಬಳು ಕನಿಕರಪಟ್ಟು ನುಸಿ ಬಿದ್ದ ಗೋಧಿ ಕೊಟ್ಟಳು. ಬೇಕಾದದ್ದು ನುಸಿಯಲ್ಲ, ಪತಂಗ.

ಉಳಿದದ್ದು ರೇವವ್ವನ ಮನೆ. ರಾಜಬಿ ಹೊಸ್ತಿಲ ಹೊರಗೇ ನಿಂತಳು.

"ನನ್ನ ಕಡಿ ಇಲ್ಲ" ಎಂದಳು ರೇವವ್ವ, ಕೇಳಿ ಮುಗಿಸುವ ಮೊದಲೇ.

"ನಮ್ಮ ಮನಿ ತುಂಬ ಹುಳಾ ಇದ್ದುವು ಅಕ್ಕಾ. ಜಾಸ್ಮಿನ ಮಕ್ಕಳ ಗತೆ ಜ್ವಾಪಾನ ಮಾಡಿದ್ಳು. ನಾ ಬಿಸಲಿಗೆ ಹಾಕಿ ಕೊಂದೇನಿ. ನಿನ್ನಿಯಿಂದ ಆ ಹುಡುಗಿ ನನ್ನ ಕೂಡ ಮಾತಾಡವಲ್ಲಳು. ಇದ್ರ ಕೊಡ್ರಿ, ನಿಮ್ಮ ಕಾಲ ಬೀಳ್ತೇನಿ."

ರೇವವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಇಷ್ಟು ವರ್ಷಕ್ಕೆ ಸಿಕ್ಕ ಸುಖವನ್ನು ತುಸು ಹೊತ್ತು ಅನುಭವಿಸಿದಳು. ಆಮೇಲೆ ಒಳಗೆ ಹೋಗಿ ಮಂಚದ ಕೆಳಗಿಂದ ಒಂದು ಡಬ್ಬಿ ಎಳೆದು ತಂದಳು. ಮುಚ್ಚಳ ತೆಗೆದರೆ ಒಳಗೆಲ್ಲ ಬಲೆ. ಬೂದುಬಣ್ಣದ ಪತಂಗಗಳು ಪಟಪಟನೆ ಎದ್ದವು.

"ಎಂದೋ ಚೆಲ್ಲತಿದ್ದೆ. ಹೊರಗ ತರೂಣಂದ್ರ ನೀ ಯಾವಾಗ್ಲೂ ಕಟ್ಟಿ ಮ್ಯಾಲ ಕುಂತಿರ್ತಿದ್ದಿ" ಎಂದಳು ರೇವವ್ವ.

ರಾಜಬಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಬ್ಬರೂ ಸೇರಿ ಡಬ್ಬಿ ಹೊತ್ತು, ಓಣಿಯ ಮಂದಿ ನೋಡುತ್ತಿದ್ದಂತೆ ರಸ್ತೆ ದಾಟಿದರು. ಜಾಸ್ಮಿನ ಡಬ್ಬಿಯನ್ನೂ ಅತ್ತೆಯನ್ನೂ ನೋಡಿದಳು. ಅಲ್ಲೇ ಪತಂಗ ಹಿಡಿಯಲು ಕೂತಳು. ಮರುದಿನ ಸಿಕ್ಕ ಚಿಟಿಕೆಯಷ್ಟು ಮೊಟ್ಟೆಯನ್ನು ಕಾರ್ಡಿಗೆ ಅಂಟಿಸಿ ನಳಿಕೆಯೊಳಗೆ ಬಿಟ್ಟಳು. ಆ ಹೊತ್ತಿಗೆ ಅರ್ಧ ಕಣಜ ಸತ್ತಿದ್ದವು. ಉಳಿದವು ಒಪ್ಪಿಕೊಂಡು ಆ ಮೊಟ್ಟೆಗಳೊಳಗೆ ತಮ್ಮ ಮೊಟ್ಟೆ ಇಟ್ಟಿದ್ದರೆ ಕೆಲವು ದಿನಗಳಲ್ಲಿ ಪತಂಗದ ಮೊಟ್ಟೆ ಕಪ್ಪಾಗಬೇಕು.

ದಿನಾ ನಸುಕಿಗೆ ರಾಜಬಿ ಭೂತಗನ್ನಡಿ ಹಿಡಿದು ಕೂರುವಳು. ಮೊಟ್ಟೆ ಬೆಳ್ಳಗೇ ಇರುತ್ತಿದ್ದವು. ಸೊಸೆ ಅತ್ತೆಯ ಅಡುಗೆ ಮುಟ್ಟದೆ, ತನ್ನ ಪಾಡಿಗೆ ತಾನು ಚಹಾ ಕಾಸಿಕೊಂಡು, ಬಿಸ್ಕೀಟು ತಿಂದು ಕೆಲಸ ನೋಡುವಳು. ಒಂದು ಬೆಳಗ್ಗೆ ಕಾರ್ಡಿನ ಮೂಲೆಯಲ್ಲಿ ಕಪ್ಪು ಕಂಡಿತು. ತನ್ನ ಕಣ್ಣನ್ನೇ ನಂಬದೆ ಅವಳು ಜಾಸ್ಮಿನಳ ಕೈಗೆ ಕನ್ನಡಿ ಕೊಟ್ಟಳು.

ಜಾಸ್ಮಿನ ಬಹಳ ಹೊತ್ತು ನೋಡಿದಳು. ಕಾರ್ಡನ್ನು ಮೆಲ್ಲಗೆ ಜಾಗಕ್ಕಿಟ್ಟು ಗೋಡೆಗೆ ಒರಗಿದಳು.

"ಹಸಿವಾಗೇತ್ರಿ ಅಮ್ಮಾ. ಎರಡು ರೊಟ್ಟಿ ಬಡದ ಕೊಡ್ರಿ" ಎಂದಳು.