ಕಲ್ಲು ಬಿಡದ ಮೀನು

ಹಾನುಬಾಳಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ಗಿಡ್ಡಯ್ಯ ಪಲ್ಪರ್ ನಡೆಸುತ್ತಿದ್ದ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರ ಓಡುವುದು ಕೊಯ್ಲಿನ ಕಾಲದಲ್ಲಿ ಮಾತ್ರ. ಮಿಕ್ಕ ದಿನ ಎಸ್ಟೇಟಿನ ಮಾಲೀಕ ಗೌಡರು ಹೇಳಿದ್ದೇ ಅವನ ಕೆಲಸ. ಆದರೆ ಜನ ಅವನನ್ನು ನೆನೆಯುತ್ತಿದ್ದದ್ದು ಬೇರೆ ಕಾರಣಕ್ಕೆ. ಕೂಲಿಯವರ ಸಾಲುಮನೆಗಳಿರುವ ಲೈನಿನಲ್ಲಿ ಯಾವ ಹೆಣ್ಣುಮಗಳು ಹೆತ್ತರೂ ಹಳ್ಳಕ್ಕಿಳಿದು ಕಲ್ಲುಮೀನು ತಂದುಕೊಡುವವನು ಗಿಡ್ಡಯ್ಯನೇ. ಅದರ ಸಾರು ಕುಡಿದರೆ ಬಾಣಂತಿಗೆ ಎದೆಹಾಲು ಚೆನ್ನಾಗಿ ಬರುತ್ತದೆಂದು ನಮ್ಮ ಕಡೆಯ ನಂಬಿಕೆ. ಅದಕ್ಕಾಗಿ ಅವನು ಯಾರಿಂದಲೂ ಒಂದು ಬೀಡಿಯನ್ನೂ ತೆಗೆದುಕೊಂಡವನಲ್ಲ.

ಕಲ್ಲುಮೀನು ನೋಡಲು ಬೆರಳುದ್ದ, ಚೆಂದವೇನೂ ಇಲ್ಲ. ಗದ್ದದ ಕೆಳಗೆ ದುಂಡನೆಯ ಮಾಂಸದ ಬಿಲ್ಲೆ. ಅದನ್ನು ಬಂಡೆಗೆ ಒತ್ತಿ ನಡುವಿನ ನೀರನ್ನು ಹೊರದಬ್ಬಿತೆಂದರೆ ಮುಗಿಯಿತು, ಮೀನು ಬಂಡೆಗೆ ಅಂಟಿಬಿಡುತ್ತದೆ. ಬಿಲ್ಲೆಯ ಅಂಚಿನ ಸಣ್ಣ ಗಂಟುಗಳು ಒರಟು ಕಲ್ಲಿನ ತಗ್ಗುಗಳಲ್ಲಿ ಕೂತು, ಜಾರಲು ಬಿಡುವುದಿಲ್ಲ. ಮಳೆಗಾಲದ ಹಳ್ಳ ಮರದ ದಿಮ್ಮಿಗಳನ್ನೇ ಹೊತ್ತೊಯ್ಯುವಾಗಲೂ ಅದು ಇದ್ದಲ್ಲೇ ಇರುತ್ತದೆ. ನಾವೆಲ್ಲ ಬಾಲ ಹಿಡಿದು ಎಳೆದು ಸೋತವರು. ಗಿಡ್ಡಯ್ಯ ಎಳೆಯುತ್ತಿರಲಿಲ್ಲ. ಉಗುರಿನಿಂದ ಬಿಲ್ಲೆಯ ಅಂಚನ್ನು ತುಸು ಎತ್ತುತ್ತಿದ್ದ, ಅಡಿಗೆ ನೀರು ನುಗ್ಗಿ ಮೀನು ತಾನಾಗಿ ಬಿಡುತ್ತಿತ್ತು.

ತೊಂಬತ್ತರ ದಶಕದ ನಡುವೆ ಕಾಫಿಗೆ ಎಂದೂ ಕಾಣದ ಬೆಲೆ ಬಂತು. ಎಸ್ಟೇಟಿನ ಪ್ರತಾಪ್ ಗೌಡರು ಇನ್ನೊಂದು ಪಲ್ಪರ್ ಹಾಕಿಸಿದರು. ಸಿಪ್ಪೆನೀರು ನಿಲ್ಲುವ ಗುಂಡಿಯನ್ನು ದೊಡ್ಡದು ಮಾಡಿಸಲು ಮಾತ್ರ ಅವರಿಗೆ ಪುರುಸೊತ್ತಾಗಲಿಲ್ಲ. ಅದೇ ಕೊಯ್ಲಿನಲ್ಲಿ ಗಿಡ್ಡಯ್ಯನ ಒಬ್ಬಳೇ ಮಗಳು ಹೂವಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಳೆ ನಿಂತಾಗಿನಿಂದ ಅವನು ಹಳ್ಳದ ನಡುವಿನ ದೊಡ್ಡಬಂಡೆಯ ಮೀನಿಗೆ ಕೈ ಹಾಕಿರಲಿಲ್ಲ.

"ಊರ ಬಾಣಂತೀರ್‌ಗೆಲ್ಲ ಕೊಟ್ಟಿವ್ನಿ. ಆ ಬಂಡೆ ಮೀನು ನಮ್ ಹೂವಂಗೆ ಅಂತ ಬುಟ್ಟಿವ್ನಿ ಕಣೇ," ಎಂದು ಹೆಂಡತಿ ಬೆಟ್ಟಮ್ಮನಿಗೆ ಹೇಳಿದ್ದ.

ಗುಂಡಿ ತುಂಬಿ ತುಳುಕಿದ ದಿನ ಗೌಡರು ಬಂದು ನಿಂತರು.

"ತೂಬು ತೆಗಿ ಗಿಡ್ಡ. ಹಳ್ಳಕ್ಕೆ ಬುಡು."

"ಹಳ್ಳದಾಗೆ ಮೀನೈತೆ ಗೌಡ್ರೆ."

"ನಿನ್ನ ಮೀನು ಕಾಯಕ್ಕೆ ಇಟ್ಕಂಡಿಲ್ಲ ನಾನು. ಆಗಕ್ಕಿಲ್ಲ ಅಂದ್ರೆ ಲೈನ್ ಮನೆ ಖಾಲಿ ಮಾಡು."

ದಿನ ತುಂಬಿದ ಮಗಳು ಆ ಮನೆಯಲ್ಲಿ ಮಲಗಿದ್ದಳು. ಗಿಡ್ಡಯ್ಯ ತೂಬು ತೆಗೆದ. ಮನೆಗೆ ಬಂದು ಬೆಟ್ಟಮ್ಮನಿಗೆ ಸಮಾಧಾನ ಹೇಳಿದ: "ಮಳೆಗಾಲದ ನೀರ್ಗೇ ಜಗ್ಗಿಲ್ಲ ಅವು. ಕಚ್ಕಂಡು ಕೂತಿರ್ತವೆ. ನೀರು ತಿಳಿಯಾಗ್ಲಿ, ತತ್ತೀನಿ."

ಅಷ್ಟು ವರ್ಷ ಆ ಮೀನಿನ ಹಿಡಿತ ನೋಡಿದವನನ್ನು ಬಿಟ್ಟು ಇನ್ಯಾರೂ ಹಾಗೆ ನಂಬುತ್ತಿರಲಿಲ್ಲ. ಬೇರೆ ಮೀನುಗಳು ಕಂದುನೀರು ಬಂದದ್ದೇ ತಡ, ಕೆಳಕ್ಕೆ ಓಡಿ ಜೀವ ಉಳಿಸಿಕೊಂಡವು. ಕಲ್ಲುಮೀನು ಆಪತ್ತು ಬಂದರೆ ಇನ್ನಷ್ಟು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ರಭಸದ ನೀರಿಗೆ ಅದು ಸರಿ. ಕೊಳೆತ ನೀರಲ್ಲಿ ಉಸಿರಾಡಲು ಏನೂ ಉಳಿದಿರುವುದಿಲ್ಲ.

ಹೂವಮ್ಮ ಗಂಡು ಹೆತ್ತಳು. ಗಿಡ್ಡಯ್ಯ ಬುಟ್ಟಿ ಹಿಡಿದು ದೊಡ್ಡಬಂಡೆಗೆ ಹೋದ. ಬಂಡೆಯ ಸಂದಿನಲ್ಲಿ ಮೀನು ಸಾಲಾಗಿ ಕಂಡವು. ಬಿಟ್ಟಿಲ್ಲ ಎಂದು ಅವನಿಗೆ ಖುಷಿಯಾಯಿತು. ಒಂದಕ್ಕೆ ಕೈ ಹಾಕಿದ. ಉಗುರು ಬೇಕಾಗಲಿಲ್ಲ. ಮುಟ್ಟಿದೊಡನೆ ಮೆತ್ತಗೆ ಕೈಗೆ ಬಂತು, ನಾರುತ್ತಿತ್ತು.

ಖಾಲಿ ಬುಟ್ಟಿ ನೋಡಿ ಬೆಟ್ಟಮ್ಮ ಹೇಳಿದ್ದು ಒಂದೇ ಮಾತು: "ತೂಬು ತೆಗ್ದ ಕೈಯಾಗೆ ಮಗೀನ ಎತ್ಕಬ್ಯಾಡ." ಸಂತೆಯಿಂದ ಒಣಮೀನು ತಂದು ಸಾರು ಮಾಡಿದರು. ಹೂವಮ್ಮ ಅದನ್ನೇ ಕುಡಿದಳು.

ಹಳ್ಳದ ಕೆಳಗಿನ ಊರಿನವರು ನೀರು ಕೆಟ್ಟಿತೆಂದು ಜಗಳಕ್ಕೆ ಬಂದಾಗ ಗೌಡರು, "ನಮ್ ಗಿಡ್ಡ ಕುಡಿದು ತೂಬು ತೆಗ್ದುಬುಟ್ಟ ಕಣ್ರೀ," ಎಂದು ನಕ್ಕರು. ಜನ್ಮದಲ್ಲಿ ಹೆಂಡ ಮುಟ್ಟದ ಗಿಡ್ಡಯ್ಯ ಪಕ್ಕದಲ್ಲೇ ನಿಂತಿದ್ದ. ಎಲ್ಲ ಕೇಳಿಸಿಕೊಂಡ. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ, ಗೌಡರ ಮೇಲೂ, ಅವನ ಮೇಲೂ. ಆಮೇಲೆ ಯಾವ ಬಾಣಂತಿಯ ಮನೆಯವರೂ ಅವನನ್ನು ಕರೆಯಲಿಲ್ಲ. ಅವನೂ ಹಳ್ಳಕ್ಕಿಳಿಯಲಿಲ್ಲ.

ಮರುವರ್ಷ ಗುಂಡಿ ಮತ್ತೆ ತುಂಬಿತು. ಗೌಡರು ಬಂದು ನೋಡಿದರೆ ತೂಬು ಆಗಲೇ ತೆರೆದಿತ್ತು.

"ನಾನು ಹೇಳದೇನೇ ತೆಗ್ದ್ಯಾ?"

"ಬೆಳಗ್ಗೇನೇ ತೆಗ್ದೆ ಗೌಡ್ರೆ," ಎಂದ ಗಿಡ್ಡಯ್ಯ. "ಹಳ್ಳದಾಗೆ ಇನ್ಯಾವ್ದು ಕಚ್ಕಂಡು ಕೂತೈತೆ ಅಂತ ಕಾಯ್ಲಿ?"