ಮನೆಯಲ್ಲಿ ಎಷ್ಟು ಜನ

ಇಪ್ಪತ್ತಾರು ವರ್ಷ ಕನ್ನಡ ಟೈಪಿಂಗ್ ಮಾಡಿಕೊಂಡಿದ್ದ ಪ್ರೆಸ್ಸು ಮುಚ್ಚಿದ ಮೇಲೆ ನಾನು ಯಾದವಗಿರಿಯ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ಹೊಸ ಕೆಲಸಕ್ಕಾಗಿ ಎಂದು ಕೇಳಿದವರಿಗೆ ಹೇಳುತ್ತಿದ್ದೆ. ನಿಜ ಬೇರೆ. ಅಮ್ಮ ತೀರಿಕೊಂಡ ಮೇಲೆ ಕೆಸರೆಯ ಮನೆಯಲ್ಲಿ ಮಧ್ಯಾಹ್ನಗಳನ್ನು ತಳ್ಳುವುದು ಕಷ್ಟವಾಗಿತ್ತು.

ಕ್ಲಾಸಿನಲ್ಲಿ ಉಳಿದವರೆಲ್ಲ ಕಾಲೇಜು ಮಕ್ಕಳು. ಮೊದಲ ದಿನ ನಾನೇ ಟೀಚರ್ ಎಂದುಕೊಂಡು ಎದ್ದು ನಿಂತರು. ಆಮೇಲೆ ಯಾರೂ ಮಾತಾಡಿಸಲಿಲ್ಲ.

ಮೂರನೇ ವಾರ ಮೇಷ್ಟ್ರು ಪ್ರೋಗ್ರಾಂ ಬರೆಯಲು ಒಂದು ಲೆಕ್ಕ ಕೊಟ್ಟರು. ಮನೆಯಲ್ಲಿ ಎಷ್ಟು ಜನ, ನೆಂಟರು ಎಷ್ಟು ಜನ ಎಂದು ಕಂಪ್ಯೂಟರ್ ಕೇಳಬೇಕು. ಎರಡನ್ನೂ ಕೂಡಿಸಿ ಎಷ್ಟು ಜನಕ್ಕೆ ಅಡುಗೆ ಎಂದು ಹೇಳಬೇಕು. ನಾನು ಪ್ರಶ್ನೆಗಳನ್ನು ಕನ್ನಡದಲ್ಲೇ ಬರೆದೆ. ಪ್ರೆಸ್ಸಿನ ಅಭ್ಯಾಸದಲ್ಲಿ ಉತ್ತರವನ್ನೂ ಕನ್ನಡ ಅಂಕಿಯಲ್ಲೇ ಒತ್ತಿದೆ. ಮೊದಲ ಪ್ರಶ್ನೆಗೆ ೧, ಎರಡನೆಯದಕ್ಕೆ ೦. ಪರದೆಯ ಮೇಲೆ ೧೦ ಎಂದು ಬಂತು.

ಪಕ್ಕದಲ್ಲಿ ಕೂತಿದ್ದ ಹುಡುಗಿ ಇಣುಕಿದಳು. “ಅಯ್ಯೋ, ಹತ್ತು ಜನಕ್ಕೆ ಅಡುಗೆ ಮಾಡ್ತೀರಾ ಆಂಟಿ?”

“ಇಲ್ಲ ಕಣಮ್ಮ,” ಎಂದೆ. ಎಷ್ಟು ಜನಕ್ಕೆ ಎಂದು ಹೇಳಲಿಲ್ಲ.

ಮೇಷ್ಟ್ರು ಬಂದು ನೋಡಿದರು. “ನೀವು ಒತ್ತಿದ್ದು ಅದಕ್ಕೆ ಬರೀ ಅಕ್ಷರ ಮೇಡಂ, ಸಂಖ್ಯೆ ಅಲ್ಲ. ಅದಕ್ಕೇ ಕೂಡಿಸದೆ ಪಕ್ಕಪಕ್ಕ ಅಂಟಿಸ್ಬುಟ್ಟಿದೆ. ‘ಇಂಟ್’ ಅಂತ ಬರೆದು ಉತ್ತರನ ಅದರ ಬ್ರಾಕೆಟ್ಟೊಳಗೆ ಹಾಕಿ, ಪೂರ್ಣ ಸಂಖ್ಯೆ ಆಗುತ್ತೆ. ಆದ್ರೆ ಕನ್ನಡ ಅಂಕಿ ನಡೆಯಲ್ಲ, ಇಂಗ್ಲಿಷಲ್ಲೇ ಒತ್ತಿ.”

ಯಾಕೋ ಹಟ ಬಂತು. ಇಂಟ್ ಸೇರಿಸಿ, ಮತ್ತೆ ೧ ಮತ್ತು ೦ ಎಂದೇ ಒತ್ತಿದೆ. ಪರದೆ 1 ಎಂದಿತು.

“ಅರೆ! ಕನ್ನಡ ಅಂಕಿನೂ ತಗೊಳ್ಳುತ್ತೆ! ಇದು ನನಗೇ ಗೊತ್ತಿರ್ಲಿಲ್ಲ ಕಣ್ರೀ,” ಎಂದು ಮೇಷ್ಟ್ರು ಎಲ್ಲರನ್ನೂ ಕರೆದರು. ಐದಾರು ಮಕ್ಕಳು ನನ್ನ ಕುರ್ಚಿಯ ಹಿಂದೆ ನಿಂತು ನೋಡಿದರು. ಅವರು ಚದುರಿದ ಮೇಲೂ ಆ ಹುಡುಗಿ ಪರದೆಯನ್ನೇ ನೋಡುತ್ತಿದ್ದಳು.

“ಒಬ್ರೇನಾ ಆಂಟಿ?”

“ಹೂಂ.”

“ಭಾನುವಾರ ನಾನು ಬರ್ತೀನಿ. ನೆಂಟರು ಒಬ್ರು ಅಂತ ಹಾಕ್ಕೊಳ್ಳಿ.”

ಮಾತಿಗೆ ಹೇಳಿದಳು ಎಂದುಕೊಂಡಿದ್ದೆ. ಆದರೆ ಬಂದೇ ಬಂದಳು. ಅವರೆಕಾಳು ಸಾರಿನಲ್ಲಿ ಎರಡು ಮುದ್ದೆ ತಿಂದಳು. ಅಮ್ಮನ ಫೋಟೊ ನೋಡಿ ಯಾರೆಂದು ಕೇಳಿದಳು. ಅಮ್ಮನ ಬಗ್ಗೆ ಆ ವರ್ಷ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ನಾನು ನಿಲ್ಲಿಸದೆ ಮಾತಾಡಿದೆ. ಬಸ್ಸಿಗೆ ಹೊತ್ತಾಯಿತೆಂದು ಅವಳು ಎದ್ದಾಗ ಅವಳ ಬಗ್ಗೆ ಏನೂ ಕೇಳಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ತಿಂಗಳೊಳಗೆ ಅವಳಿಗೆ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಕ್ಲಾಸು ಬಿಟ್ಟಳು. ನಾನು ಪೂರ್ತಿ ಮುಗಿಸಿದೆ. ಈಗ ಮೇಷ್ಟ್ರ ಪಾಠಗಳನ್ನು ಮನೆಯಲ್ಲೇ ಕೂತು ಕನ್ನಡದಲ್ಲಿ ಟೈಪ್ ಮಾಡಿಕೊಡುತ್ತೇನೆ. ಹುಡುಗಿಯ ನಂಬರು ಫೋನಿನಲ್ಲಿದೆ. ಎಷ್ಟೋ ಸಲ ತೆಗೆದು ನೋಡಿದ್ದೇನೆ. ಏನೆಂದು ಮಾತು ಶುರು ಮಾಡುವುದೋ ತಿಳಿಯದೆ ಹಾಗೇ ಇಟ್ಟಿದ್ದೇನೆ.